ಗೆರೆ ಸುಳ್ಳಾಡುವ ಕಡೆ

ಮೊದಲ ವಾರ ಐವತ್ತು ಮೀಟರಿಗೊಂದು ಚುಕ್ಕಿ,
ಕೋಡಿಬಾಗದಿಂದ ಸದಾಶಿವಗಡದ ಬುಡದವರೆಗೆ,
ಅಂಗಳಕ್ಕೆ ರಂಗೋಲಿ ಇಡುವ ಹಾಗೆ.
ಪುರ್ಸು ತಾಂಡೇಲ ಸೀಸದ ಗುಂಡು ಬಿಟ್ಟು ಕೂಗುತ್ತಿದ್ದ:
ಎರಡು ಮಾರು.
ಎರಡು ಮಾರು.
ಎರಡು ಮಾರು.
ಮೂರನೆಯ ದಿನ ಅವನೇ ಬೇಸತ್ತು
‘ಇನ್ನು ನೀವೇ ಬರ್ಕಳಿ ಅಕ್ಕೋರೆ’ ಎಂದು ಬೀಡಿ ಹಚ್ಚಿದ.

ಕಾಳಿ ಕಡಲು ಸೇರುವಲ್ಲಿ ತಳ ಹಾಗಿಲ್ಲ.
ಚಾಪೆ ಹಾಸಿದಂತೆ ಉದ್ದಕ್ಕೂ ಕೆಸರು,
ಆಮೇಲೆ ಒಂದು ಕಡೆ, ಹೇಳದೆ ಕೇಳದೆ,
ಮಾತು ನಿಂತ ಹಾಗೆ ಕಡಿದು ಬೀಳುತ್ತದೆ.
ನಮ್ಮ ಚುಕ್ಕಿಗಳು ಆ ಕಡಿತದ ಎರಡೂ ದಂಡೆಗೆ ಕೂತು
ನಡುವೆ ಏನೂ ಇಲ್ಲವೆಂದು ಸಾಕ್ಷಿ ನುಡಿದವು.

ಜಾಗ ಕೊಟ್ಟರೆ ಆಳ ಕೊಡುವುದಕ್ಕೆ
ನಮ್ಮ ಗಣಿತದಲ್ಲಿ ಫಲನ ಎನ್ನುತ್ತಾರೆ.
ಈ ಫಲನ ಪ್ರತಿ ಪ್ರಶ್ನೆಗೂ ಅರ್ಧ ಲೀಟರ್ ಡೀಸೆಲ್ ಕೇಳುತ್ತಿತ್ತು.

ರಾತ್ರಿ ಕೂತು ಪ್ರೋಗ್ರಾಮ್ ಬದಲಿಸಿದೆ.
ಗೊತ್ತಿರುವ ಎರಡು ಚುಕ್ಕಿಗಳ ನಡುವೆ ನೂಲು ಕಟ್ಟು.
ಯಾವ ನೂಲು ಉದ್ದವೋ, ಯಾವುದು ತೀರ ಓರೆಯೋ,
ಅದು ಸುಳ್ಳಾಡುತ್ತಿದ್ದೀತು;
ಅದರ ನಡುವಿಗೆ ದೋಣಿ ಕಳಿಸು.
ಬಂದ ಉತ್ತರದಿಂದ ಒಂದು ನೂಲು ಎರಡಾಗಲಿ, ಮತ್ತೆ ನೋಡು.

ಸೊಂಟದ ನೀರಿನಲ್ಲಿ ಬೆಳಚು ಹೆಕ್ಕುತ್ತಿದ್ದ ಶೇವಂತಿ
ನಾನು ವಿವರಿಸಿದ್ದನ್ನು ಪೂರ್ತಿ ಕೇಳಿ ನಕ್ಕಳು.
ಗಟ್ಟಿ ಹುಡಿಯಲ್ಲಿ ಅವಳದು ಉದ್ದ ಹೆಜ್ಜೆ,
ಹಿಮ್ಮಡಿ ಜಾರಿದಲ್ಲಿ ಬೆರಳು ಮಾತ್ರ ಮುಂದೆ, ಬೆರಳಿನ ಹಿಂದೆ ಬೆರಳು.
‘ಇಷ್ಟಕ್ಕೆ ಕಂಪ್ಯೂಟರ್ ಬೇಕಾಯ್ತಾ?’
ಬೇಕಾಯ್ತು ಮಾರಾಯ್ತಿ. ನಿನಗೆ ಎರಡೇ ಕಾಲು,
ಅವಕ್ಕೆ ಒಂದೇ ತಲೆ. ನನಗೆ ನಾಲ್ಕು ದೋಣಿ.

ನಾಲ್ಕೂ ಒಂದೇ ಗುಂಡಿಗೆ ಓಡಬಾರದು.
ಒಂದು ಬರಲಿಲ್ಲವೆಂದು ಉಳಿದ ಮೂರು ಕಾಯಬಾರದು.
ಫೆಲಿಕ್ಸನಿಗೆ ಯಂತ್ರ ಉಂಟು, ಪುರ್ಸುವಿಗೆ ಹುಟ್ಟು,
ಯಾಸೀನನಿಗೆ ಫೋನು, ಬಿಕ್ಕುವಿಗೆ ಮೀನಿನ ಆಸೆ.
ಹೋದವನು ಬರುವವರೆಗೆ ಅವನ ಉತ್ತರವನ್ನು
ನೂಲಿನ ಮೇಲಿಂದಲೇ ಅಂದಾಜು ಮಾಡಿ
ಪೆನ್ಸಿಲ್ಲಿನಲ್ಲಿ ಬರೆದಿಟ್ಟು
ಮುಂದಿನವನನ್ನು ಬೇರೆ ಕಡೆ ಅಟ್ಟಬೇಕು.

ಮಂಗಳವಾರ ಬಿಕ್ಕು ಬರಲೇ ಇಲ್ಲ.
ಅವನ ಹೆಸರಿನ ಪೆನ್ಸಿಲ್ ಮೂರು ಮಾರು
ಪರದೆಯ ಮೇಲೆ ಕೂತು ಕೂತು
ಮಧ್ಯಾಹ್ನದ ಹೊತ್ತಿಗೆ ನಿಜದ ಮುಖ ಮಾಡಿತ್ತು.
ಅದನ್ನು ನಂಬಿ ಹದಿನಾಲ್ಕು ಪ್ರಶ್ನೆಗಳನ್ನು
ದೇವಬಾಗದ ಕಡೆ ತಿರುಗಿಸಿದ್ದೆ.

ಇಳಿತ ಮುಗಿಯುವಾಗ ಬಂದ. ಅಂಗಿ ಒದ್ದೆ.
‘ಹಗ್ಗ ಸಾಲಲಿಲ್ಲ. ಬಲೆಯ ಹಗ್ಗ ಗಂಟು ಹಾಕಿ ಬಿಟ್ಟೆ.’
ಎಷ್ಟು?
‘ಒಂಬತ್ತು. ಒಂಬತ್ತೂವರೆ ಅನ್ನಿ, ಗುಂಡು ಓಲಾಡ್ತಿತ್ತು.’

ಒಂದು ಅಂಕಿ. ಇಡೀ ಹಾಳೆ ಅದರತ್ತ ಬಾಗಿತು.
ಸುತ್ತಲಿನ ಸಾಧು ನೂಲುಗಳೆಲ್ಲ ಒಮ್ಮೆಲೇ ಸುಳ್ಳುಗಾರರು.
ನಾಲ್ಕೂ ದೋಣಿ, ಸರದಿಯಲ್ಲಿ, ಗೇಣು ಗೇಣು ಬಿಟ್ಟು,
ಬೈತಖೋಲದಲ್ಲಿ ಬುಟ್ಟಿ ಮಗುಚಿದಲ್ಲಿ
ಕಡಲಕಾಗೆ ಮುತ್ತುವ ಹಾಗೆ.

ಸಾಕು ಎಂದು ಹೊಳೆ ಹೇಳುವುದಿಲ್ಲ.
ಸಾಕು ಎಂಬುದು ನಾನು ಬರೆದ ಒಂದು ಅಂಕಿ.
ಮುನ್ನೂರ ಹದಿನೇಳನೆಯ ಚುಕ್ಕಿಗೆ ಅದು ಬಂತು;
ಪ್ರೋಗ್ರಾಮ್ ನಿಂತಿತು. ಫೆಲಿಕ್ಸ್ ಲೆಕ್ಕ ಚುಕ್ತಾ ಮಾಡಿಸಿಕೊಂಡ.

ನಕಾಶೆ ಮುದ್ರಿಸಿ ಶೇವಂತಿಗೆ ತೋರಿಸಿದೆ.
ಒಂದು ಕಡೆ ಇರುವೆ ಮುತ್ತಿದಂತೆ ಕಪ್ಪು,
ಇನ್ನೊಂದು ಕಡೆ ಅಂಗೈಯಗಲ ಬಿಳಿ.
ಕೆಸರಿನ ಬೆರಳನ್ನು ಅವಳು ಬಿಳಿಯ ಮೇಲೆ ಇಟ್ಟಳು.
‘ಇಲ್ಲಿ ಯಾರೂ ಹೋಗ್ಲಿಲ್ವಾ?’
ಎರಡೂ ತುದಿ ಸಮ ಇತ್ತು, ಎಂದೆ.
ಅವಳು ಏನೂ ಹೇಳಲಿಲ್ಲ. ಕಲೆ ಅಲ್ಲೇ ಉಳಿಯಿತು.

ಮರುದಿನ ನನ್ನ ಕೈಯಿಂದ ಕೂಲಿ ಕೊಟ್ಟು
ಪುರ್ಸುವನ್ನು ಅಲ್ಲಿಗೆ ಕರೆದುಕೊಂಡು ಹೋದೆ.
ಗುಂಡು ಬಿಟ್ಟ. ಎರಡು ಮಾರು.
ನನ್ನ ಮುಖ ನೋಡಿ ಬೀಡಿ ಹಚ್ಚಿದ.
ನೀರು ಹಸಿರಾಗಿ, ಸುಮ್ಮನೆ, ಸಮವಾಗಿ ಇತ್ತು.
ಸ್ವಲ್ಪ ಆಚೆ, ಎಂದೆ.