ಗೇಟಿನ ಕುರ್ಚಿ

ತದಡಿ ಬಂದರಿನ ಗೇಟಿಗೆ ಒಂದು ಕುರ್ಚಿ.
ಮೂರು ಕಾಲು ಮರದ್ದು, ನಾಲ್ಕನೆಯದು ಇಟ್ಟಿಗೆ.
ಮೇಲೆ ನಾನು, ರಶೀದಿ ಪುಸ್ತಕ,
ದಾರಕ್ಕೆ ಕಟ್ಟಿದ ಪೆನ್ನು.
ಸುಂಕದವನ ಮುಂದೆ ಸುಖದುಃಖ ಹೇಳಬಾರದಂತೆ.
ಆದರೂ ಹೇಳುತ್ತಾರೆ;
ನಾನು ಚಿಲ್ಲರೆ ಹುಡುಕುವಷ್ಟು ಹೊತ್ತು.

ಬುಟ್ಟಿಗೆ ಐದಿದ್ದದ್ದು ಹತ್ತಾಯಿತು, ದಸರೆಯ ಮಾರನೇ ದಿನ.
ಗುತ್ತಿಗೆದಾರ ಬೆರಳಲ್ಲೇ ಎಣಿಸಿದ್ದ:
ಮುನ್ನೂರು ಬುಟ್ಟಿ, ಮೂರು ಸಾವಿರ.
ಬುಟ್ಟಿಗೂ ಹೊಟ್ಟೆ ಉಂಟೆಂದು
ಬೆರಳಿಗೆ ಗೊತ್ತಿರಲಿಲ್ಲ.
ವಾರದೊಳಗೆ ದೇವಯಾನಿ ಹರಿಕಂತ್ರಳ ನಾಲ್ಕು ಬುಟ್ಟಿ
ಎರಡಾದವು.
ಅಂಚಿಗೆ ಮಡ್ಲು ಹೆಣೆದು ಎತ್ತರಿಸಿದ್ದಳು,
ಬಂಗಡೆಯ ಬಾಲಗಳೆಲ್ಲ ಆಕಾಶಕ್ಕೆ.
"ಎರಡೇ ಬುಟ್ಟಿ. ಬರಿ ನೀನು."
ಬರೆದೆ.
"ಬೋಟಿನವ ಒಂದು ರೂಪಾಯಿ ಇಳಿಸೂದಿಲ್ಲ.
ಕುಮಟೆಯ ಗಿರಾಕಿಗೆ ಒಂದು ರೂಪಾಯಿ ಏರಿಸಿದ್ರೆ
ಕೋಳಿ ಅಂಗಡಿ ಕಡೆ ಮುಖ ತಿರುಗಿಸ್ತಾನೆ.
ನಡುವೆ ಉಳಿದವಳು ಯಾರು, ನೀನೇ ಹೇಳು."
ಸುಂಕ ಯಾರ ತಲೆಯ ಮೇಲೆ ಬೀಳುತ್ತದೆಂದು
ಪಂಚಾಯಿತಿಯಲ್ಲಿ ಎರಡು ತಾಸು ಚರ್ಚೆ ನಡೆಯಿತಂತೆ.
ಇಲ್ಲಿಂದ ಕಾಣುತ್ತಿತ್ತು
ಸಿಂಬಿಯ ಕೆಳಗೆ ಉಬ್ಬಿದ ಒಂದು ನರ.

ಉಮಾಕಾಂತ ತಾಂಡೇಲನದು ಬೇರೆ ಸಂಕಟ.
ಹೆದ್ದಾರಿಯವರು ಎಂಟುನೂರು ಕೊಡತೊಡಗಿದ ಮೇಲೆ
ಬಲೆ ಎಳೆಯುವ ಕೈಗಳು ರಸ್ತೆಗೆ ಹೋದವು.
ಆರುನೂರನ್ನು ಒಂಬೈನೂರು ಮಾಡಿದ.
ಮಾಡಿದ ರಾತ್ರಿ ನಿದ್ದೆ ಬರಲಿಲ್ಲ, ಬೆಳಿಗ್ಗೆ
ಮಲ್ಪೆಗೆ ಫೋನು ಹಚ್ಚಿ ವಿಂಚು ತರಿಸಿದ.
ವಿಂಚು ಗಂಜಿ ಕೇಳುವುದಿಲ್ಲ, ಮುಂಗಡ ಕೇಳುವುದಿಲ್ಲ.
ಆರು ಮಂದಿ ಬೋಟಿನಿಂದ ಇಳಿದರು,
ಹೆಗಲಿಗೆ ಚೀಲ, ಕೈಯಲ್ಲಿ ಚಪ್ಪಲಿ.
ಒಂಬೈನೂರು ಎಂಬುದು
ಉಳಿದವರಿಗೆ ಕೂಲಿ,
ಇಳಿದವರಿಗೆ ಸುದ್ದಿ.

ಉಳಿದವರಲ್ಲಿ ಬನಮಾಲಿ, ಗಂಜಾಮಿನವ.
ಆರು ದಿನ ಬರುತ್ತಿದ್ದವ ಈಗ ನಾಲ್ಕೇ ದಿನ.
"ಒಂದೂವರೆ ಪಟ್ಟು ಕೊಟ್ಟು ಎರಡು ದಿನ ಕಳಕೊಂಡೆನಲ್ಲೋ!
ಹುಲ್ಲು ಹೆಚ್ಚು ಹಾಕಿದರೆ ಹಾಲು ಹೆಚ್ಚಬೇಕಲ್ಲ?"
ಎಂದು ತಾಂಡೇಲ ನನ್ನ ಇಟ್ಟಿಗೆಯನ್ನೇ ಒದ್ದ.
ಬನಮಾಲಿಯ ಕನ್ನಡ ಎರಡು ವರ್ಷದ್ದು, ಲೆಕ್ಕ ಹಳೆಯದು:
"ನಾಕು ದಿನದಲ್ಲಿ ಆರು ದಿನ ಬಂತು.
ಉಳಿದಿದ್ದು ನಂದು."

ಆ ಉಳಿದದ್ದನ್ನು ಏನು ಮಾಡುತ್ತಾನೆಂದು ನೋಡಿದ್ದೇನೆ.
ಬುಧವಾರ, ತಡೆಗೋಡೆಯ ಕೊನೆಯ ಕಲ್ಲು.
ಕೈಯಲ್ಲಿ ಗಾಳ.
ವಾರವಿಡೀ ಮೀನು ಹಿಡಿದವ
ಮೀನೇ ಹಿಡಿಯುತ್ತ ಕೂತಿರುತ್ತಾನೆ,
ಅಘನಾಶಿನಿಯ ನೀರು ಒಳಗೆ ಬಂದು ಹೊರಗೆ ಹೋಗುವವರೆಗೆ.
ಅವಸರವಿಲ್ಲ. ಹಾಡಿನಂಥದ್ದೇನೋ, ಹಾಡಲ್ಲ.

ನನ್ನದೂ ಹೇಳಿಬಿಡುತ್ತೇನೆ.
ವಸೂಲಾದ ನೂರಕ್ಕೆ ಎಂಟು ನನಗೆ.
ಮೂರು ಸಾವಿರ ಆಗಬೇಕಿದ್ದದ್ದು
ನೂರರವತ್ತು ಬುಟ್ಟಿಗೆ ಬಂದು ನಿಂತಿದೆ.
ಎಂಟು ರೂಪಾಯಿ ಹೆಚ್ಚು ಸಿಗಲೆಂದು
ರಾತ್ರಿ ದೋಣಿಗೂ ಕಾಯುತ್ತೇನೆ, ಭಾನುವಾರವೂ.
ಹದಿನೈದು ಮಾಡಿದರೆ ಹೇಗೆ, ಎನ್ನುತ್ತಿದ್ದಾನೆ ಗುತ್ತಿಗೆದಾರ.
ಬೆರಳುಗಳು ಮತ್ತೆ ಎಣಿಸುತ್ತಿವೆ.

ನಿನ್ನೆ ಸಂಜೆ ಬನಮಾಲಿ ಗೇಟಿಗೆ ಬಂದ,
ಬಾಳೆನಾರಿಗೆ ಪೋಣಿಸಿದ ಮೂರು ನೊಗಲಿ.
"ಇದಕ್ಕೂ ರಶೀದಿಯಾ?"
ಹಲಗೆ ನೋಡಿದೆ: ಬುಟ್ಟಿ, ಪೆಟ್ಟಿಗೆ, ಐಸು, ಟೆಂಪೊ.
ಬರಿಗೈಗೆ ದರ ಬರೆದಿರಲಿಲ್ಲ.
"ಹೋಗು ಮಾರಾಯ" ಅಂದೆ.
ಅವನು ಹೋಗಲಿಲ್ಲ.
"ನಿಂದು ಬುಧವಾರ ಯಾವತ್ತು?" ಅಂತ ಕೇಳಿದ.

ಅವನು ದುಡ್ಡೇ ಕೊಟ್ಟಿರಲಿಲ್ಲ.
ಆದರೂ ನಾನು ತಲೆ ತಗ್ಗಿಸಿ
ಬಹಳ ಹೊತ್ತು ಚಿಲ್ಲರೆ ಹುಡುಕಿದೆ.