ಪಂಕ

ಜೂನ್ ಒಂದರಿಂದ ಬಂದ್.
ಬೋಟು ಬೈತಕೋಲದ ದಕ್ಕೆಯಲ್ಲಿ
ಮೂಗುದಾರ ಹಾಕಿಸಿಕೊಂಡು ನಿಂತಿದೆ.
ಇಪ್ಪತ್ತೆರಡು ವರ್ಷದ ತಾಂಡೇಲ
ಮನೆಯಲ್ಲಿ ಅಂಗಾತ ಮಲಗಿ
ಮೊದಲ ಸಲ ಸ್ಲ್ಯಾಬು ನೋಡಿದರು.
"ಇದು ಯಾಕೆ ಹೀಗೆ ಒದ್ದಾಡ್ತದೆ?"

ಒದ್ದಾಡುವುದು ಹತ್ತು ತಿಂಗಳಿಂದ.
ಮಾರ್ಕೆಟ್ಟಿನಿಂದ ಬಂದು ಬುಟ್ಟಿ ಕವುಚಿ
ಅದರಡಿ ಬೀಳುವ ನನಗೆ ಗೊತ್ತು,
ಸುತ್ತಿಗೊಮ್ಮೆ ಅದು ನಡು ಉಳುಕಿಸಿಕೊಳ್ಳುವುದು.
ಹೇಳಲಿಲ್ಲ. ಕೇಳುವವರು
ಹನ್ನೆರಡು ಮಾರು ನೀರಿನ ಮೇಲಿದ್ದರು.

ಬೋಟಿನವರ ಬಾಯಲ್ಲಿ
ನೀರೊಳಗೆ ತಿರುಗುವುದೂ ಪಂಕ,
ನೆತ್ತಿಯ ಮೇಲೆ ತಿರುಗುವುದೂ ಪಂಕ.
ಆದ್ದರಿಂದ ವಾಯರ್‌ಮನ್ ಪುಂಡಲೀಕನನ್ನು ಕರೆಯುವ ಮಾತಿಲ್ಲ.
ಮೇನ್ ಆಫ್. ಸ್ಟೂಲಿನ ಕಾಲು ಹಿಡಿಯಲು ನಾನು,
ಟಾರ್ಚಿಗೆ ಮಗಳು ಸ್ವಪ್ನಾ.
ಇಳಿದು ಬಂತು: ಎಲೆಯ ಅಂಚಿಗೆ ಕಪ್ಪು ಅಂಟು,
ಬಟ್ಟಲಿನ ಒಳಗೆ ಜೇಡನ ಸಂಸಾರ,
ರಾಡಿನ ತುದಿಯಲ್ಲಿ ಉಪ್ಪುಗಾಳಿ ತಿಂದುಳಿದ ಬೋಲ್ಟು.
"ಸ್ಪ್ಲಿಟ್ ಪಿನ್ ಎಲ್ಲಿ?" ಅಂದರು.
ಇರಲೇ ಇಲ್ಲ. ಹತ್ತು ತಿಂಗಳು
ಬರೀ ತುಕ್ಕಿನ ನಂಬಿಕೆಯ ಮೇಲೆ ತಿರುಗಿದೆ.
ಸಮುದ್ರದಲ್ಲಿ ಬೈಗಳಿಗೆ ಹೆಸರಾದ ಮನುಷ್ಯ
ಸುಮ್ಮನೆ ನನ್ನ ಚಾಪೆಯ ಕಡೆ ನೋಡಿದರು.

ಸ್ಲ್ಯಾಬಿನ ಹುಕ್ಕಿನ ಮೇಲೂ ಸಂಶಯ ಬಂತು.
ಬೋಟಿನ ಸಣ್ಣ ಲಂಗರು ತಂದು
ಅದಕ್ಕೆ ನೇತುಹಾಕಿದರು, ಮೂವತ್ತು ಕಿಲೋ,
ಒಂದಿಡೀ ರಾತ್ರಿ.
ಚಾಪೆಗಳು ಗೋಡೆಗೆ ಸರಿದವು.
"ಮನೆ ಎಲ್ಲಿಗೂ ತೇಲಿಹೋಗುವುದಿಲ್ಲ ಬಿಡು" ಅಂದಳು ಸ್ವಪ್ನಾ.
ನಕ್ಕೆವು. ಹೊರಗೆ ಮಳೆ,
ಒಳಗೆ ಸೆಕೆ,
ಹಗ್ಗದ ಮೇಲೆ ಮೂರು ದಿನದಿಂದ ಒಣಗದ ಯೂನಿಫಾರ್ಮು.

ಬೆಳಿಗ್ಗೆ ಹುಕ್ಕು ಪಾಸಾಯಿತು.
ಹೊಸ ಬೋಲ್ಟು, ಪಿನ್ನು, ಎರಡೂವರೆಯ ಕೆಪಾಸಿಟರು,
ಎಲ್ಲ ಗ್ರೀನ್ ಸ್ಟ್ರೀಟಿನಿಂದ ಬಂದವು.
ಏರಿಸಿದರು, ಒತ್ತಿದರು.
ತಿರುಗಿತು, ಭರ್ರನೆ ತಿರುಗಿತು,
ಗಾಳಿ ಮಾತ್ರ ಒಂದು ಚಮಚೆಯೂ ಇಲ್ಲ.
ರೆಗ್ಯುಲೇಟರು ಐದಕ್ಕೆ. ಕ್ಯಾಲೆಂಡರಿನ ಹಾಳೆಯೂ ಅಲ್ಲಾಡಲಿಲ್ಲ.
ವೋಲ್ಟೇಜು ಅಂದರು, ಕಂಪನಿ ಅಂದರು,
ಅಂಗಡಿಯವನ ವಂಶ ಎತ್ತಿದರು.

ನಾನು ಬೆಳ್ಳುಳ್ಳಿ ಸುಲಿಯುತ್ತಾ ಎರಡು ಸಲ ನೋಡಿ ಹೇಳಿದೆ:
"ರಿವರ್ಸ್ ಗೇರಿನಲ್ಲಿ ಬಿಟ್ಟಿದ್ದೀರಿ."

ಮೌನ.
ಮತ್ತೆ ಸ್ಟೂಲು. ಕೆಪಾಸಿಟರಿನ ಒಂದು ವಾಯರು ಆಚೆಯದು ಈಚೆ.
ಗಾಳಿ ಇಳಿಯಿತು, ಬೆಳ್ಳುಳ್ಳಿ ಸಿಪ್ಪೆ
ಮನೆತುಂಬಾ ಹಾರಿತು.

ಒಂದು ಎಲೆ ಇನ್ನೂ ಹಗುರ.
ಬಲೆಯ ನೂಲಿನಲ್ಲಿ ಮೂರೂ ತುದಿಯಿಂದ ಮಾಡಿಗೆ ಅಳೆದು,
ಬಲೆಯದೇ ಒಂದು ಸೀಸದ ಮಣಿ ಚಪ್ಪಟೆ ಬಡಿದು
ಎಲೆಯ ಬೆನ್ನಿಗೆ ಟೇಪು ಸುತ್ತಿದರು.
ಆಮೇಲೆ ಅದು ತಿರುಗುತ್ತಿದೆಯೋ ಇಲ್ಲವೋ
ಕಣ್ಣೆತ್ತಿ ನೋಡಿಯೇ ತಿಳಿಯಬೇಕು.
ಅಷ್ಟು ಸದ್ದಿಲ್ಲ.

ಆ ರಾತ್ರಿ ಮೂರಕ್ಕೆ ಎದ್ದು ಕೂತರು.
"ಇಂಜಿನ್ ನಿಂತಿತು."
ನೀವು ಮನೆಯಲ್ಲಿದ್ದೀರಿ ಅಂದೆ.
ಹೌದು ಹೌದು ಅಂದರು, ಮಲಗಲಿಲ್ಲ.
ಮರುರಾತ್ರಿಯೂ ಹಾಗೇ, ಅದರ ಮರುರಾತ್ರಿಯೂ.
ನೀರಿನ ಮೇಲೆ ಸದ್ದು ನಿಂತಿತೆಂದರೆ
ತಾಂಡೇಲ ಏಳಲೇಬೇಕು.
ಆ ಮೈ ಕಲಿತದ್ದು ಇಪ್ಪತ್ತೆರಡು ವರ್ಷ ಅಷ್ಟೇ.

ನಾಲ್ಕನೇ ದಿನ ಬಲೆ ಹೊಲಿಯಲು ಅವರು ದಕ್ಕೆಗೆ ಹೋದಾಗ
ಮೇನ್ ಆಫ್ ಮಾಡಿ ಸ್ಟೂಲು ಹತ್ತಿದೆ.
ಯಾವ ಸ್ಕ್ರೂ ಯಾವುದಕ್ಕೆಂದು
ಕೆಳಗೆ ನಿಂತು ಕಾಲು ಹಿಡಿದವಳಿಗೆ ತಿಳಿಯದೇ?
ಬೋಲ್ಟು ಮುಟ್ಟಲಿಲ್ಲ, ಪಿನ್ನು ಮುಟ್ಟಲಿಲ್ಲ.
ಮೇಲಿನ ಬಟ್ಟಲಿನ ಸ್ಕ್ರೂ ಮಾತ್ರ,
ಕಾಲು ಸುತ್ತು, ಎಡಕ್ಕೆ.

ಟಕ ಟಕ ಟಕ.

ಆಗಸ್ಟಿನಲ್ಲಿ ಬೋಟು ಹೋಯಿತು.
ಈಗ ಬಂದವರೆಲ್ಲ ಮೇಲೆ ನೋಡುತ್ತಾರೆ.
ಪುಂಡಲೀಕನಂತೂ ಜೇಬಿನಿಂದ ಟೆಸ್ಟರ್ ತೆಗೆದೇ ಬಿಡುತ್ತಾನೆ:
"ಅಕ್ಕಾ, ಒಂದು ಸ್ಕ್ರೂ ಅಷ್ಟೇ, ಬಿಗಿ ಮಾಡಿ ಕೊಡಲಾ?"
ಹೌದು ಮಾರಾಯ, ಮಾಡಿಸಬೇಕು ಅನ್ನುತ್ತೇನೆ,
ಚಾ ಇಡುತ್ತೇನೆ.