ಎಂಟು ನಿಮಿಷದ ದಿನ

ಜುಲೈ ಬಂದರೆ ಸಾಕು, ನನ್ನ ಮೇಜಿನ ಮೇಲೆ
ಮಂದಿಯ ಹೋದ ವರ್ಷವೆಲ್ಲ ಬಂದು ಬೀಳುತ್ತದೆ,
ಕ್ಯಾರಿಬ್ಯಾಗಿನಲ್ಲಿ, ಲಗ್ನಪತ್ರಿಕೆಯ ಲಕೋಟೆಯಲ್ಲಿ.
ದಾವಲಮಲಿಕ ನದಾಫ ತಂದದ್ದು ಖಜೂರದ ಡಬ್ಬಿ.
ಒಳಗೆ ಪಾಸ್‌ಪೋರ್ಟು, ಇಕಾಮಾ, ಬ್ಯಾಂಕಿನ ಚೀಟಿಗಳು,
ಎರಡೂವರೆ ತಾಸು ಹಿಂದಿರುವ ಒಂದು ವಾಚು.
"ಕೆಟ್ಟಿಲ್ರಿ ಅಕ್ಕಾರ, ಅದು ದಮ್ಮಾಮಿನ ಟೈಮ್."

ಹನ್ನೊಂದು ವರ್ಷದಿಂದ ಅಲ್ಲಿ ಕ್ರೇನಿನ ಮೇಲೆ ಕೂತವನು.
ಎಂಬತ್ತು ಮೀಟರ್ ಎತ್ತರದಿಂದ
ತನ್ನದಲ್ಲದ ಊರನ್ನು ತಾನೇ ಎತ್ತಿ ಎತ್ತಿ ಇಟ್ಟವನು.
"ಸರಕಾರ ನನ್ನ ಪಗಾರ ಮುಟ್ಟೂದಿಲ್ರಿ ಅಲ್ಲೆ.
ಕಫೀಲ ಮುಟ್ತಾನ, ಅದು ಬ್ಯಾರೆ ಮಾತು."

ನಾನು ಮುದ್ರೆ ಹುಡುಕುತ್ತ ಹಾಳೆ ತಿರುವಿದೆ.
ಮೇ ಹನ್ನೊಂದು, ಒಳಗೆ: ಅಕ್ಕನ ಮಗಳ ನಿಕಾಹ್.
ಜೂನ್ ಮೂವತ್ತು, ಹೊರಗೆ. ಐವತ್ತೊಂದು ದಿನ.
ಸಪ್ಟೆಂಬರ್ ಇಪ್ಪತ್ತೆರಡು, ಮತ್ತೆ ಒಳಗೆ:
ಮನೆಗೆ ಸ್ಲ್ಯಾಬ್ ಹಾಕಿಸಲು, ಹದಿನೈದೇ ದಿನಕ್ಕೆಂದು.
ಎಂಬತ್ತು ಮೀಟರಿನಿಂದ ಬೀಳದವನು
ಸ್ವಂತ ಮನೆಯ ಹತ್ತು ಫೂಟಿನ ಸೆಂಟ್ರಿಂಗಿನಿಂದ ಬಿದ್ದ.
ತೊಡೆಯಲ್ಲಿ ರಾಡು. ಜನವರಿ ಮೂವತ್ತಕ್ಕೆ ಹೊರಗೆ.
ನೂರಾ ಮೂವತ್ತೊಂದು.

ಕ್ಯಾಲ್ಕುಲೇಟರ್ ಬೇಕಿರಲಿಲ್ಲ, ಆದರೂ ಒತ್ತಿದೆ.
ನೂರಾ ಎಂಬತ್ತೆರಡು.
ಕಾಯ್ದೆಯ ಹೊಸ್ತಿಲಿಗೆ ಸರಿಯಾಗಿ ಹೆಬ್ಬೆರಳು ತಾಗಿತ್ತು.
ಒಂದು ಕಡಿಮೆಯಾಗಿದ್ದರೆ ಅನಿವಾಸಿ.

"ಆವತ್ತ ಎಷ್ಟೊತ್ತಿಗೆ ಇಳದಿ ತಮ್ಮಾ, ಸಪ್ಟೆಂಬರಿನಾಗ?"
"ಮುಂಬೈದಾಗ ರಾತ್ರಿ ಹನ್ನೊಂದು ಐವತ್ತೆರಡಕ್ಕ ಸಿಕ್ಕಾ ಹೊಡದ್ರಿ.
ಹಿಂದಿನಾಂವಗ ಹನ್ನೆರಡು ದಾಟಿತ್ತು."
ಎಂಟು ನಿಮಿಷ.
ಕಾಯ್ದೆಗೆ ಅದೂ ಒಂದು ಹಗಲು, ಒಂದು ರಾತ್ರಿ,
ಒಂದು ಊಟ, ಒಂದು ನಿದ್ದೆ.

ಅವನ ಮುಖ ಸಣ್ಣದಾಯಿತು.
"ಹಂಗಾರ ಪಗಾರಕ್ಕೆಲ್ಲಾ ತೆರಿಗಿ ಬೀಳತೈತೇನ್ರಿ?"
ಇಲ್ಲ ಎಂದೆ. ಇನ್ನೊಂದು ಕಲಮು ಇದೆ,
ಹತ್ತರಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರಿಗೆ:
ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ.
ಅಲ್ಲಿ ದುಡಿದದ್ದು ಅಲ್ಲಿಯದೇ.

ಅವನು ಅದನ್ನು ಎರಡು ಸಲ ಹೇಳಿಸಿಕೊಂಡ.
ಆಮೇಲೆ ತಾನೇ ಅಂದುಕೊಂಡ, ಹೊಸ ಹಲ್ಲು ಮುಟ್ಟಿ ನೋಡುವವರ ಹಾಗೆ.
"ನಿವಾಸಿ... ಸಾಮಾನ್ಯ ಅಲ್ಲ.
ಅಕ್ಕಾರ, ಇದನ್ನ ಒಂದು ಕಾಗದದ ಮ್ಯಾಲ ಬರದು ಕೊಡ್ರಿ.
ವಾರ್ಡಿನ ಮತದಾರ ಪಟ್ಟಿಯಾಗ
ನನ್ನ ಹೆಸರಿಗೆ ಗೀಟ ಹೊಡದಾರ, ‘ಸ್ಥಳಾಂತರ’ ಅಂತ.
ಸಿಕ್ಕಾ ಹೊಡದು ದಿನಾ ಎಣಿಸಾವ್ರಿಗೆ ನಾ ಇಲ್ಲೇ ಅದೀನಿ,
ನನ್ನ ಓಣಿಯಾವ್ರಿಗೆ ಇಲ್ಲ. ಇದೆಂಥಾ ಲೆಕ್ಕರಿ?"

ಆ ಕಿಟಕಿಯ ಲೆಕ್ಕ ಬೇರೆ, ಈ ಕಿಟಕಿಯದು ಬೇರೆ ಎಂದೆ.
ಹೇಳುವಾಗ ನನ್ನ ದನಿ ಗುಮಾಸ್ತರ ದನಿಯಾಗಿತ್ತು.

ನನಗೂ ಒಂದು ದರ್ಜೆ ಇತ್ತು, ಒಂಬತ್ತನೆಯ ಇಯತ್ತೆಯಲ್ಲಿ:
ಮುಳುಗಡೆ ಸಂತ್ರಸ್ತೆ.
ಹಳೇ ಬಾಗಲಕೋಟೆಯ ನಮ್ಮ ಗೋಡೆಗೆ ಕೆಂಪು ಅಂಕಿ ಬರೆದು ಹೋದರು,
ನವನಗರದಲ್ಲಿ ಒಂದು ಸೆಕ್ಟರು, ಒಂದು ಪ್ಲಾಟು ಕೊಟ್ಟರು.
ಈಗ ಅಲ್ಲಿಗೆ ಹಿನ್ನೀರು ಆಗಸ್ಟ್ ನಡುವಿಗೆ ಬರುತ್ತದೆ,
ಫೆಬ್ರವರಿ ತೀರುವತನಕ ಕೂತಿರುತ್ತದೆ.
ಒಂದು ವರ್ಷ, ಕೆಲಸವಿಲ್ಲದ ಮಧ್ಯಾಹ್ನ, ಎಣಿಸಿದ್ದೆ:
ನೂರಾ ತೊಂಬತ್ತೆಂಟು.
ನಮ್ಮ ಅಡಿಗೆಮನೆಯಲ್ಲಿ ಘಟಪ್ರಭೆ ಪಕ್ಕಾ ನಿವಾಸಿ.
ನಾನು ಬೇಸಿಗೆಗೆ ಹೋಗಿ ನೋಡಿಬರುವವಳು.
ಇದನ್ನು ಅವನಿಗೆ ಹೇಳಲಿಲ್ಲ.

ಫೀ ಐದುನೂರು ಎಂದೆ. ಅವನು ಆರುನೂರು ಇಟ್ಟು
ನೂರು ವಾಪಸು ತಗೊಳ್ಳಲು ಮರೆತವನಂತೆ ಮಾಡಿದ.
ಖಜೂರವನ್ನು ಬಿಟ್ಟು ಹೋಗಲೋ, ಡಬ್ಬಿ ಬೇಕೋ ಎಂದು ಯೋಚಿಸಿ
ನನ್ನ ಪೇಪರಿನ ಮೇಲೆ ಸುರಿದ.
"ಈ ಸಲ ಹದಿನೆಂಟ ದಿನಕ್ಕ ಬಂದೀನ್ರಿ."
ಬಾಗಿಲಲ್ಲಿ ಕುಂಟುಗಾಲು ನಿಂತಿತು.
"ಆ ಎಂಟು ನಿಮಿಷ... ತಗಸಬ್ಯಾಡ್ರಿ.
ಸಾಲಿನಾಗ ಚಪ್ಪಲಿ ಅಂಗುಟ ಹರದಿತ್ತು,
ಬರಿಗಾಲಲೆ ನಿಂತಿದ್ನಿ."